ಮೇ ಹಬ್ಬದ ಬೋಗುಣಿ

ಇರ್ಮ್‌ಟ್ರೌಡ್ ಕೆಸ್ಲಿಂಗ್ ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದರು. ತಲೆಯ ಹಿಂದೆ ರಕ್ತ. ಉಸಿರಿತ್ತು, ಎಚ್ಚರವಿರಲಿಲ್ಲ. ಸಂಜೆಯ ಮೇ ಹಬ್ಬಕ್ಕೆ ಇನ್ನಷ್ಟು ವೈನ್ ತರಲು ಇಳಿದ ಅಡುಗೆಯವಳು ಗುಡುಲಾ ನೋಡಿ ಕಿರುಚಿಕೊಂಡಾಗ ಬೆಳಿಗ್ಗೆ ಹನ್ನೊಂದೂಕಾಲು.

ಆಂಬುಲೆನ್ಸ್ ಹೋಯಿತು. ಮೋಸೆಲ್ ನದಿಯ ದಂಡೆಯ ಆ ಊರಿಗೆಲ್ಲ ಒಬ್ಬಳೇ ಪೊಲೀಸ್, ಆಲ್ಮುಟ್. ಮೂರನೆಯ ಮೆಟ್ಟಿಲ ಮೇಲೆ ಬೂದು ಟೋಪಿಯೊಂದು ಅವಳಿಗೆ ಸಿಕ್ಕಿತು. ಟೋಪಿಯ ಒಳಬದಿಯಲ್ಲಿ, ತೀರಿಕೊಂಡ ಅಮ್ಮನ ಕೈಯ ಕಸೂತಿ. ಟೋಪಿ ಅಪ್ಪನದು.

ಟ್ರಿಯರ್ ನಗರದಿಂದ ಅಪರಾಧ ವಿಭಾಗದವರು ಬರಲು ನಲವತ್ತು ನಿಮಿಷ. ಬಂದವರು ಟೋಪಿ ನೋಡುತ್ತಾರೆ, ಅಪ್ಪನನ್ನು ಎಳೆದೊಯ್ಯುತ್ತಾರೆ.

* * *

ಸುದ್ದಿ ಕೇಳಿ ಬಂದಿದ್ದ ಅಪ್ಪ ರೈನ್‌ಹೋಲ್ಡ್ ಇರ್ಮ್‌ಟ್ರೌಡ್ ಮನೆಯ ಅಂಗಳದ ಬೆಂಚಿನ ಮೇಲೆ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಫಳಫಳ ಹೊಳೆಯುವ ಬೂಟು.

"ಬೆಳಿಗ್ಗೆ ಇಲ್ಲಿಗ್ಯಾಕೆ ಬಂದಿದ್ದೆ ಅಪ್ಪ?"

"ಸುಮ್ನೆ."

"ಎಷ್ಟೊತ್ತಿಗೆ?"

"ಹತ್ತಕ್ಕೆ. ಮಾತಾಡ್ಸಿ ಹೋದೆ."

"ಏನು ಮಾತಾಡ್ದೆ?"

"ಅದು ನಿಂಗ್ಯಾಕೆ?"

ಆಲ್ಮುಟ್‌ಗೆ ಮೈಯೆಲ್ಲ ಉರಿಯಿತು. ನಿನ್ನೆಯಷ್ಟೇ ಬೇಲಿಯ ವಿಷಯಕ್ಕೆ ಅಪ್ಪನೂ ಪಕ್ಕದ ಮನೆಯ ಇರ್ಮ್‌ಟ್ರೌಡ್ ಅವರೂ ಬೀದಿಯಲ್ಲಿ ಕಿತ್ತಾಡಿದ್ದನ್ನು ಊರೇ ಕೇಳಿತ್ತು. ಈ ಮುದುಕನಿಗೆ ಹಟ ಮಾಡಲು ಇದೇ ದಿನ ಸಿಗಬೇಕೇ!

* * *

ಅಡುಗೆಮನೆಯಲ್ಲಿ ಬಿಳಿ ಆಸ್ಪರಾಗಸ್ ದಂಟು ಬೆಂದು ಮುದ್ದೆಯಾಗಿತ್ತು. ಗುಡುಲಾ ಅಳುತ್ತಿದ್ದಳು. ಮೇಜಿನ ಮೇಲೆ ದೊಡ್ಡ ಗಾಜಿನ ಬೋಗುಣಿ. ತಣ್ಣನೆಯ ವೈನಿನಲ್ಲಿ ತಲೆಕೆಳಗಾಗಿ ಇಳಿಬಿಟ್ಟ, ಹಬ್ಬದ ವೈನಿಗೆ ಘಮ ಕೊಡುವ ವಾಲ್ಡ್‌ಮೈಸ್ಟರ್ ಎಂಬ ಕಾಡುಸೊಪ್ಪಿನ ಕಟ್ಟು.

"ಹತ್ತು ಗಂಟೆ ಮೇಲೆ ಮನೇಲಿ ಯಾರ‍್ಯಾರಿದ್ರು?"

"ನಾನೊಬ್ಳೇ ಕಣೇ. ನಡುವೆ ಆಸ್ಪರಾಗಸ್ ತರಕ್ಕೆ ಹೊರಗೆ ಹೋಗಿದ್ದೆ. ಎಕಾರ್ಟ್ ಒಂಬತ್ತೂವರೆಗೇ ಸೊಪ್ಪು ತರ‍್ತೀನಿ ಅಂತ ಕಾಡಿಗೆ ಹೋದ. ಹನ್ನೊಂದಕ್ಕೆ ತಂದ. ಇಬ್ಬನಿ ಕೂಡ ಆರಿರ್ಲಿಲ್ಲ, ಹಾಗೇ ವೈನಿಗೆ ಹಾಕ್ದೆ."

ಎಕಾರ್ಟ್ ಇರ್ಮ್‌ಟ್ರೌಡ್ ಅವರ ತಮ್ಮನ ಮಗ, ಕೊಲೋನ್ ನಗರದವನು, ಹಬ್ಬಕ್ಕೆಂದು ನಿನ್ನೆ ಬಂದಿದ್ದ. ಬಾಗಿಲಿಗೊರಗಿ ನಿಂತಿದ್ದ.

"ನಿಮ್ಮಪ್ಪನ್ನ ಕೇಳಿ ಮೇಡಂ," ಎಂದ. "ಟೋಪಿ ಯಾರದ್ದು ಅಂತ ಎಲ್ರಿಗೂ ಗೊತ್ತು."

ಆಲ್ಮುಟ್ ಬೋಗುಣಿಯ ಮೇಲೆ ಬಾಗಿದಳು. ಒಣಹುಲ್ಲು, ವೆನಿಲಾ ಬೆರೆತ ಗಾಢ ಘಮ. ಅವಳು ತಟ್ಟನೆ ತಲೆಯೆತ್ತಿದಳು.

"ಕಾರಿನ ಕೀ ಕೊಡಿ."

"ಯಾಕೆ?"

"ಕೊಡಿ ಅಂದೆ."

* * *

ಕಾರಿನ ಡಿಕ್ಕಿ ತೆಗೆದೊಡನೆ ಅದೇ ಘಮ ಮುಖಕ್ಕೆ ರಾಚಿತು. ಮೂಲೆಯಲ್ಲಿ ಬಾಡಿದ ಎಲೆಗಳು, ನೀರು ಚಿಮುಕಿಸುವ ಬಾಟಲಿ.

"ಆಗಷ್ಟೇ ಕೊಯ್ದ ವಾಲ್ಡ್‌ಮೈಸ್ಟರ್ ಹೀಗೆ ಘಮಿಸೋದಿಲ್ಲ," ಎಂದಳು ಆಲ್ಮುಟ್. "ಗಂಟೆಗಟ್ಟಲೆ ಬಾಡಬೇಕು, ಆಮೇಲೆ ವಾಸನೆ ಬಿಡತ್ತೆ. ಹಬ್ಬದ ಹಿಂದಿನ ದಿನವೇ ಕೊಯ್ದಿಡೋದು ಅದಕ್ಕೇ. ನೀವು ನಗರದವರು. ಹಸಿರಾಗಿ ಕಂಡ್ರೆ ಸಾಕು ಅಂದ್ಕೊಂಡ್ರಿ. ನಿನ್ನೆ ಕೊಯ್ದು, ಇವತ್ತು ನೀರು ಹಾಕಿ ತಂದ್ರಿ. ಹಾಗಾದ್ರೆ ಬೆಳಿಗ್ಗೆಯೆಲ್ಲ ಎಲ್ಲಿದ್ರಿ?"

"ಇದು... ಇದು ಬೇರೆ ಸೊಪ್ಪು."

"ಬನ್ನಿ, ಕಾಡಿಗೆ ಹೋಗೋಣ. ಇವತ್ತು ಕೊಯ್ದ ಜಾಗ ತೋರಿಸಿ. ಅಷ್ಟೊಂದು ಸೊಪ್ಪು ಕೊಯ್ದ ಹಸಿ ಬುಡ ಕಾಣ್ಲೇಬೇಕಲ್ವಾ?"

ಎಕಾರ್ಟ್ ಡಿಕ್ಕಿಯನ್ನು ಧಡಾರನೆ ಮುಚ್ಚಿದ.

"ದ್ರಾಕ್ಷಿ ತೋಟಾನ ಗುಡುಲಾಗೆ ಕೊಡ್ತೀನಿ, ಹಬ್ಬದಲ್ಲಿ ಎಲ್ರ ಮುಂದೆ ಹೇಳ್ತೀನಿ ಅಂತ ಅತ್ತೆ ಮೊನ್ನೆ ಫೋನಲ್ಲಿ ಹೇಳಿದ್ರು. ಮೂವತ್ತು ವರ್ಷ ದುಡಿದಿದ್ದಾಳಂತೆ! ರಕ್ತಸಂಬಂಧ ನಂದು!"

ಗುಡುಲಾ ಹೊರಗಿದ್ದಾಗ ಹಿಂಬಾಗಿಲಿಂದ ನುಸುಳಿ, ಅತ್ತೆಯನ್ನು ಮೆಟ್ಟಿಲಿಂದ ತಳ್ಳಿ, ಅಡುಗೆಮನೆಯ ಬೆಂಚಿನ ಮೇಲೆ ರೈನ್‌ಹೋಲ್ಡ್ ಮರೆತುಹೋಗಿದ್ದ ಟೋಪಿಯನ್ನು ಮೆಟ್ಟಿಲ ಮೇಲೆ ಎಸೆದದ್ದನ್ನೂ ಒಪ್ಪಿಕೊಂಡ.

* * *

ಟ್ರಿಯರ್‌ನವರು ಅವನನ್ನು ಕರೆದೊಯ್ದರು. ಆಸ್ಪತ್ರೆಯಿಂದ ಫೋನ್ ಬಂತು: ಇರ್ಮ್‌ಟ್ರೌಡ್ ಕಣ್ಣು ಬಿಟ್ಟಿದ್ದಾರೆ. ಆಲ್ಮುಟ್ ಅಪ್ಪನ ಬಳಿಗೆ ಓಡಿದಳು.

"ಅಪ್ಪ, ಆಗ್ಲೇ ಹೇಳಬಾರ್ದಿತ್ತಾ?"

"ಏನಂತ? ಹಬ್ಬದ ಮೊದಲನೇ ಕುಣಿತಕ್ಕೆ ನನ್ನ ಜೊತೆ ಬರ‍್ತೀಯಾ ಅಂತ ಇರ್ಮ್‌ಟ್ರೌಡ್‌ನ ಕೇಳಕ್ಕೆ ಹೋಗಿದ್ದೆ. ಹ್ಞೂಂ ಅಂದ್ಲು. ನಿಮ್ಮಮ್ಮ ಹೋಗಿ ಇನ್ನೂ ಎರಡು ವರ್ಷ ಆಗಿಲ್ಲ. ನಿನ್ನೆದುರಿಗೆ ಹೇಗೆ ಬಾಯಿ ಬರತ್ತೆ?"

ಅವಳು ಪಕ್ಕದಲ್ಲಿ ಕೂತಳು. ಅವನು ಅವಳನ್ನೇ ನೋಡಿದ.

"ನೀನೂ ನಾನೇ ಅಂದ್ಕೊಂಡೆ, ಅಲ್ವಾ?"

ಸುಳ್ಳು ಹೇಳಬಹುದಿತ್ತು.

"ಹೌದು ಅಪ್ಪ."

ರೈನ್‌ಹೋಲ್ಡ್ ಎದ್ದು ಅಂಗಿ ಸರಿಮಾಡಿಕೊಂಡ.

"ಕಾರು ತರ‍್ತೀನಿ, ಆಸ್ಪತ್ರೆಗೆ ಬಿಡ್ತೀನಿ," ಎಂದಳು.

"ಬೇಡ ಮಗಳೇ. ಬಸ್ಸಿದೆ."