ಜಾಮೂನಿಗೊಂದು ಫೋಟೋ

"ನಮ್ಮ ಹುಡುಗಿದೊಂದು ಫೋಟೋ ತೆಗೀಬೇಕಿತ್ತು ಮೇಡಂ. ಬಣ್ಣ ಕಪ್ಪು. ಫೋಟೋ ನೋಡಿದೋರೆಲ್ಲ ಬೇಡ ಅಂತಿದಾರೆ. ಅವಳಿಗೊಂದು ಒಳ್ಳೆ ಮನೆ ಸಿಕ್ಕಿದ್ರೆ ಸಾಕು."

ಶ್ರದ್ಧಾಳಿಗೆ ಮೈ ಉರಿಯಿತು. "ಹುಡುಗಿ ಬಣ್ಣ ತಿಳಿ ಮಾಡೋ ಕೆಲಸ ನನ್ನ ಸ್ಟುಡಿಯೋದಲ್ಲಿ ಇಲ್ಲ" ಎಂದು ಫೋನಿಟ್ಟಳು.

ಅವಳದೇ ಫೋಟೋವನ್ನು ಚಿಕ್ಕಪ್ಪ ಹಾಗೆ ಬೆಳ್ಳಗೆ ಮಾಡಿಸಿ ಗಂಡಿನ ಮನೆಗೆ ಕಳಿಸಿದ್ದರು. ನೋಡಲು ಬಂದವರು ಫೋಟೋವನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಕಾಫಿ ಮುಟ್ಟದೆ ಎದ್ದು ಹೋಗಿದ್ದರು.

ಮರುದಿನ ಸಾಗರದ ಆ ಸ್ಟುಡಿಯೋ ಬಾಗಿಲಲ್ಲಿ ಒಬ್ಬ ನಿಂತಿದ್ದ. ಪಕ್ಕದಲ್ಲಿ ಕಡುಗಪ್ಪು ನಾಯಿ.

"ನಿನ್ನೆ ಬೈಸ್ಕೊಂಡೋನು ನಾನೇ. ಪೂರ್ಣೇಶ್, ಹೊಸನಗರದಲ್ಲಿ ದನದ ಡಾಕ್ಟ್ರು. ಹುಡುಗಿ ಇವಳು, ಜಾಮೂನು."

ಶ್ರದ್ಧಾಳ ಕಿವಿ ಬಿಸಿಯಾಯಿತು. "ನಾಯಿ ಅಂತ ಮೊದ್ಲೇ ಹೇಳೋದಲ್ವಾ ಡಾಕ್ಟ್ರೇ!"

"ಹೇಳೋಕೆ ಬಿಟ್ರಲ್ವಾ?" ಅವನು ನಕ್ಕ. ಅವಳು ಕ್ಯಾಮೆರಾದ ಹಿಂದೆ ಮುಖ ಅಡಗಿಸಿಕೊಂಡಳು.

ಯಾರೋ ಬಿಟ್ಟುಹೋದ ನಾಯಿ. ಪೂರ್ಣೇಶ್ ಇದ್ದ ಬಾಡಿಗೆ ಮನೆಯ ಮಾಲೀಕರು ತಿಂಗಳ ಕೊನೆಯೊಳಗೆ ಅದನ್ನು ಸಾಗಹಾಕಿ ಎಂದಿದ್ದರು. ಅವನ ಮೊಬೈಲಿನ ಫೋಟೋಗಳಲ್ಲಿ ಜಾಮೂನು ಬೂದಿಯಲ್ಲಿ ಹೊರಳಿದಂತೆ, ರೋಗ ಬಂದಂತೆ ಕಾಣುತ್ತಿತ್ತು.

"ಫ್ರೇಮ್ ತುಂಬ ಕಪ್ಪೇ ಇದ್ರೆ ಕತ್ತಲಿದೆ ಅಂದ್ಕೊಂಡು ಕ್ಯಾಮೆರಾ ತಾನಾಗೇ ಬೆಳಕು ಜಾಸ್ತಿ ಮಾಡತ್ತೆ. ನಾನು ಎಕ್ಸ್‌ಪೋಷರ್ ಮೈನಸ್‌ಗೆ ಇಳಿಸ್ತೀನಿ" ಎಂದಳು ಶ್ರದ್ಧಾ.

"ಇನ್ನೂ ಕಪ್ಪಾಗಲ್ವಾ?"

"ಆಗ್ಲಿ. ಇರೋದೇ ಕಪ್ಪು."

ನೇರ ಬಿಸಿಲು ಬೀಳದ ಹಿಂದಿನ ಜಗಲಿಯಲ್ಲಿ ನಾಯಿಯನ್ನು ಕೂರಿಸಿ, ಅವಳು ಅದರ ಕಣ್ಣಿನ ಮಟ್ಟಕ್ಕೆ ಮಂಡಿಯೂರಿದಳು. "ಬಿಸ್ಕತ್ತು ನನ್ನ ಕಿವಿ ಹತ್ರ ಹಿಡೀರಿ."

ಅವನು ಬಗ್ಗಿ ಹಿಡಿದ. ಅವನ ಮುಂಗೈ ಅವಳ ಕೂದಲನ್ನು ಸೋಕಿತು. ಇಬ್ಬರೂ ಅಲುಗಾಡಲಿಲ್ಲ. ಕ್ಲಿಕ್.

ತೆರೆಯ ಮೇಲೆ ಒಂದೊಂದು ರೋಮವೂ ಮಿರುಗುತ್ತಿತ್ತು. ಕಣ್ಣು ಜೇನಿನ ಬಣ್ಣ. ಪೂರ್ಣೇಶ್ ಫೋಟೋ ನೋಡಿದ, ಆಮೇಲೆ ಅವಳನ್ನು ನೋಡಿದ. "ಎಷ್ಟು ಚಂದ" ಎಂದ. ಯಾರಿಗೆ ಹೇಳಿದ್ದೆಂದು ಕೇಳುವ ಧೈರ್ಯ ಅವಳಿಗಾಗಲಿಲ್ಲ.

ಆಮೇಲೆ ಫೋಟೋ ನೆಪದಲ್ಲಿ ಫೋನು, ಪ್ರಿಂಟ್ ನೆಪದಲ್ಲಿ ಭೇಟಿ. ಅವನ ಬೈಕಿನ ಸದ್ದು ಕೇಳಿದರೆ ಶ್ರದ್ಧಾ ಕನ್ನಡಿ ನೋಡಿಕೊಳ್ಳತೊಡಗಿದಳು. ತಿಂಗಳು ಮುಗಿಯುವ ಮುನ್ನ ತೀರ್ಥಹಳ್ಳಿಯಿಂದ ಕರೆ ಬಂತು. ಶರಾವತಿಯಮ್ಮ ಎಂಬ ನಿವೃತ್ತ ನರ್ಸ್ ಫೋಟೋ ನೋಡಿ ಒಪ್ಪಿದ್ದರು.

ಭಾನುವಾರ ಪೂರ್ಣೇಶ್ ಗೆಳೆಯನಿಂದ ಕೇಳಿ ತಂದ ಕಾರಿನಲ್ಲಿ ಇಬ್ಬರೂ ಜಾಮೂನನ್ನು ಕರೆದೊಯ್ದರು. ಅದು ಶರಾವತಿಯಮ್ಮನ ಮಂಡಿಯ ಮೇಲೆ ಗಲ್ಲ ಊರಿ ಕಣ್ಣು ಮುಚ್ಚಿತು. "ಎಂಥಾ ಚಂದ ಇದೀಯೇ ಮಾರಾಯ್ತಿ!" ಎಂದರು ಆಕೆ. ಇಬ್ಬರಿಗೂ ಹೋದ ಜೀವ ಬಂದಂತಾಯಿತು.

ವಾಪಸು ಬರುವಾಗ ಶ್ರದ್ಧಾಳ ಎದೆ ಭಾರವಾಯಿತು. ಇನ್ನು ಇವನು ಯಾಕೆ ಫೋನು ಮಾಡುತ್ತಾನೆ?

ಹೊಸನಗರದ ಹೋಟೆಲೊಂದರ ಮುಂದೆ ಪೂರ್ಣೇಶ್ ಕಾರು ನಿಲ್ಲಿಸಿದ. "ಇಳೀರಿ, ಊಟ ಮಾಡಿ."

"ಇಷ್ಟು ಬೇಗನಾ?"

"ಸೂರ್ಯ ಮುಳುಗಿದ್ಮೇಲೆ ನೀವು ಏನೂ ತಿನ್ನಲ್ವಲ್ಲ."

ಅವಳ ಜೈನರ ಮನೆಯ ಆ ಪದ್ಧತಿಯನ್ನು ಅವಳು ಯಾವತ್ತೂ ಹೇಳಿರಲಿಲ್ಲ. "ಯಾರು ಹೇಳಿದ್ರು?"

"ಯಾರೂ ಇಲ್ಲ. ಮಧ್ಯಾಹ್ನ ಚಕ್ಕುಲಿ ತಂದ್ರೆ ಪೊಟ್ಟಣ ಖಾಲಿ. ಸಂಜೆ ಮೇಲೆ ತಂದ್ರೆ ಒಂದೂ ಮುಟ್ಟಲ್ಲ." ಅವನು ಸ್ಟೀರಿಂಗ್ ನೋಡುತ್ತಾ ಹೇಳಿದ, "ಜಾಮೂನಿಗೆ ಮನೆ ಸಿಕ್ತು. ನಂಗೆ ಸಾಗರಕ್ಕೆ ಬರೋಕೆ ನೆಪಾನೇ ಇಲ್ಲ ಈಗ. ನೆಪ ಇಲ್ದೇ ಬರ್ಬೋದಾ ಶ್ರದ್ಧಾ?"

ಅವಳ ಕಣ್ಣು ತುಂಬಿತು. ಇಷ್ಟು ದಿನ ಬಿಗಿಹಿಡಿದ ಉಸಿರು ನಗುವಾಗಿ ಹೊರಬಂತು.

"ಬನ್ನಿ. ಅಪ್ಪ ಅಮ್ಮನ್ನೂ ಕರ್ಕೊಂಡೇ ಬನ್ನಿ."

ಒಳಗೆ ಕೂತ ಮೇಲೂ ಅವನು ತಟ್ಟೆ ಮರೆತು ಅವಳನ್ನೇ ನೋಡುತ್ತಿದ್ದ. ಹೊರಗೆ ಬಿಸಿಲು ಇನ್ನೂ ಸ್ವಲ್ಪ ಉಳಿದಿತ್ತು.

"ಬೇಗ ತಿನ್ನಿ ಡಾಕ್ಟ್ರೇ" ಎಂದಳು ಶ್ರದ್ಧಾ. "ಇನ್ಮೇಲೆ ನಿಮ್ಗೂ ಇದೇ ಹೊತ್ತಿಗೆ ಊಟ."