ಮಂಗಟ್ಟೆಯ ಗಂಟಲಲ್ಲಿದ್ದ ಹಣ್ಣು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನನ್ನ ಸೋದರತ್ತೆ ದ್ಯಾವೀರಮ್ಮ. ದೇವರಿಗೆ ದೀಪ ಹಚ್ಚಿ ಕೈಮುಗಿದ ಮೇಲೆಯೇ ಅವರು ಕತೆಗೆ ಬಾಯಿ ತೆರೆಯುತ್ತಿದ್ದರು. ನಾನೂ ಕೈಮುಗಿದೇ ಬರೆಯುತ್ತಿದ್ದೇನೆ.

ಬಹಳ ಹಿಂದೆ, ಬಿಸಿಲು ನೆಲ ಮುಟ್ಟದ ಮಹಾಕಾಡೊಂದರ ಅಂಚಿನಲ್ಲಿ ನೆರಳನಾಡು ಎಂಬ ರಾಜ್ಯವಿತ್ತು. ಅಲ್ಲಿಯ ಜನ ಕಾಡಿನಲ್ಲಿ ಏನನ್ನೂ ಕೇಳದೆ ಮುಟ್ಟುತ್ತಿರಲಿಲ್ಲ. "ಕೊಡ್ತೀಯಾ ತಾಯಿ?" ಎಂದು ಕೇಳಿ, ಮರದಿಂದ ಒಂದು ಎಲೆ ತಾನಾಗಿ ಉದುರುವವರೆಗೆ ಕಾಯುತ್ತಿದ್ದರು. ಎಲೆ ಬಿದ್ದರೆ ಅಪ್ಪಣೆಯಾದಂತೆ.

ರಾಜ ಕಿರೀಟ ಬಿಟ್ಟುಕೊಡಲಿಲ್ಲವೆಂಬ ಸಿಟ್ಟಿಗೆ ಕರಾಳನೆಂಬ ಮಾಂತ್ರಿಕ ಒಂದು ಬೆಳಿಗ್ಗೆ ಬೂದಿ ಎರಚಿ, ಊರಿನ ಹೆಣ್ಣುಮಕ್ಕಳನ್ನೆಲ್ಲ ಕಲ್ಲು ಮಾಡಿಬಿಟ್ಟ. ಅರಮನೆಯ ಬಿಲ್ಲಾಳು ಕೆಂಚಯ್ಯನ ತಂಗಿ ಚೆಲುವಿ, ಬಾವಿಕಟ್ಟೆಯಲ್ಲಿ ಕೊಡ ಹೊತ್ತು ನಿಂತಂತೆಯೇ ಕಲ್ಲಾದಳು.

ರಾಜ ಹೇಳಿದ: "ಕೆಂಚಯ್ಯ, ಅವನ ಪ್ರಾಣ ಕಾಡಿನ ಒಂದು ಕೆಂಪು ಹಣ್ಣಿನಲ್ಲಿದೆ. ಮನುಷ್ಯರ ಕೈ ಅದನ್ನು ಹಿಸುಕಿದರೆ ಅವನು ಸತ್ತ. ಹೊತ್ತು ಮುಳುಗಿತೋ, ಕಲ್ಲು ಕಲ್ಲೇ."

ಕೆಂಚಯ್ಯ ಕಾಡು ಹೊಕ್ಕ. ಮೊದಲು ಕಾಳಿಂಗ ಸರ್ಪ ಎದೆಮಟ್ಟ ಹೆಡೆಯೆತ್ತಿತು. ಅವನು ಬಿಲ್ಲು ಕೆಳಗಿಟ್ಟು, "ದಾರಿ ಕೊಡ್ತೀಯಪ್ಪಾ?" ಎಂದು ಕೇಳಿದ. ಕಾದ. ಎಲೆ ಬಿತ್ತು. ಕಾಳಿಂಗ ಸರಿದುಹೋಯಿತು.

ಆಮೇಲೆ ತುಂಬಿದ ಹೊಳೆ. ಮರದ ಮೇಲೆ ಸಿಂಗಳೀಕಗಳ ಹಿಂಡು. "ಕೆಂಪು ಹಣ್ಣೊಂದನ್ನ ಹುಡುಕ್ತಿದ್ದೀನಿ, ದಾಟಿಸ್ತೀರಾ?" ಎಂದು ಕೇಳಿದ.

ಮುದಿ ಸಿಂಗಳೀಕ ಕೇಸರ ಕೆರೆದುಕೊಂಡು, "ಬಾಲ ಇಲ್ದೋರಿಗೆ ಕಾಡಿನ ಉಸಾಬರಿ ಯಾಕೋ?" ಎಂದು ನಕ್ಕಿತು. ಅವನು ಕಾದ. ಎಲೆ ಬಿತ್ತು. ಸಿಂಗಳೀಕಗಳು ಬಳ್ಳಿ ಹೆಣೆದು ದಾಟಿಸಿದವು. "ನಿನ್ನ ಹಣ್ಣನ್ನ ಮಂಗಟ್ಟೆ ಹಕ್ಕಿ ಗಂಟಲಿಗೆ ಹಾಕ್ಕೊಂಡಿದೆ. ಅಗೋ, ಅಲ್ಲಿ ಕಾಣೋ ಹೆಮ್ಮರಕ್ಕೇ ಬರುತ್ತೆ. ಕೇಳಿ ನೋಡು" ಎಂದಿತು ಮುದಿಯದು.

ಹೆಮ್ಮರದ ಬುಡಕ್ಕೆ ಬರುವಾಗ ಹೊತ್ತು ವಾಲಿತ್ತು. ರೆಕ್ಕೆ ಬೀಸುವ ಭಾರೀ ಸದ್ದಿನೊಡನೆ ಮಂಗಟ್ಟೆ ಬಂತು. ಕೆಂಚಯ್ಯನ ಕಣ್ಣಿಗೆ ಕಲ್ಲಾದ ಚೆಲುವಿಯೇ ಕಂಡಳು. ಕೇಳಲಿಲ್ಲ. ಕಾಯಲಿಲ್ಲ. ಬಾಣ ಬಿಟ್ಟ.

ಹಕ್ಕಿ ಬಿತ್ತು. ಗಂಟಲಿನಿಂದ ಅತ್ತಿಹಣ್ಣುಗಳು ಉರುಳಿದವು. ಅವುಗಳ ನಡುವೆ ಕೆಂಪನೆಯದೊಂದು. ಹಿಸುಕಿದ. ಅತ್ತ ಕರಾಳ ಬೂದಿಯಾದ, ಕಲ್ಲುಗಳೆಲ್ಲ ಉಸಿರಾಡಿದವು. ಊರಿನ ನಗಾರಿ ಕಾಡಿನವರೆಗೂ ಕೇಳಿಸಿತು.

ಅಷ್ಟರಲ್ಲಿ ಮರದೊಳಗಿಂದ ಟಕಟಕ ಸದ್ದು. ಪೊಟರೆಯ ಬಾಯಿಗೆ ಮಣ್ಣು ಮೆತ್ತಿತ್ತು. ಸಣ್ಣ ಕಿಂಡಿಯಲ್ಲಿ ಒಂದು ಕೊಕ್ಕಿನ ತುದಿ.

"ಬಂದ್ರಾ? ಇವತ್ತು ಯಾಕಿಷ್ಟು ತಡ? ಮರಿ ಬಾಯಿ ಬಿಟ್ಕೊಂಡೇ ಕೂತಿದೆ."

ಕೆಂಚಯ್ಯ ಬಿಲ್ಲು ಕೆಳಗಿಟ್ಟ. ನಡೆದದ್ದನ್ನೆಲ್ಲ ಹೇಳಿದ.

ಕೊಕ್ಕಿನ ತುದಿ ಒಳಗೆ ಸರಿಯಿತು. ಆಮೇಲೆ, "ಮರಿ ಬಲಿಯೋವರೆಗೂ ನಾನು ಒಳಗೇ. ನಮ್ಮನೆಯವರು ದಿನಾ ಈ ಕಿಂಡಿ ಮುಂದೆ ಕೂತು ಹಣ್ಣುಗಳನ್ನ ಒಂದೊಂದೇ ಹೊರಗೆ ತೆಗೀತಿದ್ರು. ಕೇಳಿದ್ದರೆ ನಿನ್ನದನ್ನ ನಿನ್ನ ಕೈಗೇ ಹಾಕ್ತಿದ್ದರಲ್ಲಪ್ಪ" ಎಂದಳು ಹೆಣ್ಣು ಮಂಗಟ್ಟೆ.

ಆಗ ಮೇಲಿನಿಂದ ಒಂದು ಎಲೆ ಉದುರಿ ಕೆಂಚಯ್ಯನ ಹೆಗಲ ಮೇಲೆ ಕೂತಿತು.

ನೆರಳನಾಡಿನಲ್ಲಿ ಮನೆಮನೆಗೂ ಹಬ್ಬ. ಎಲ್ಲರೂ ಸುಖವಾಗಿ ಬಾಳಿದರು. ಕೆಂಚಯ್ಯ ಮಾತ್ರ ಬಿಲ್ಲು ಮುರಿದು ಹೊಳೆಗೆ ಹಾಕಿ, ಚೆಲುವಿ ಆರಿಸಿಕೊಟ್ಟ ಹಣ್ಣುಗಳನ್ನು ದಿನವೂ ಮರ ಹತ್ತಿ ಆ ಕಿಂಡಿಗೆ ಒಂದೊಂದಾಗಿ ಕೊಡುತ್ತಿದ್ದ. ಮರಿಗೆ ರೆಕ್ಕೆ ಬಲಿಯಿತು. ತಾಯಿ ಮಣ್ಣು ಒಡೆದು ಮರಿಯೊಡನೆ ಹಾರಿಹೋದಳು. ತಿರುಗಿ ನೋಡಲಿಲ್ಲ. ಅವನೂ ಕರೆಯಲಿಲ್ಲ.

ದೇವರು ಅವನನ್ನು ಕ್ಷಮಿಸಿರಲಿ. ಇದನ್ನು ನಿಮ್ಮ ಮನೆಯ ಮಕ್ಕಳಿಗೂ ಹೇಳಿ. "ಬಂದ್ರಾ?" ಎಂಬಲ್ಲಿಗೆ ಬಂದಾಗ ಸ್ವಲ್ಪ ನಿಲ್ಲಿಸಿ. ಅತ್ತೆಯೂ ಅಲ್ಲಿ ನಿಲ್ಲಿಸುತ್ತಿದ್ದರು.