ಎದ್ದು ಹೋದವನು

ಚಲನಚಿತ್ರ ಮಂಡಳಿಯ ಮೆಟ್ಟಿಲ ಮೇಲೆ ಅವನಿಗಾಗಿ ಕಾದು ನಿಂತಿದ್ದೆ. ಸಿಟ್ಟು ನೆತ್ತಿಗೇರಿತ್ತು. ಇಡೀ ರಾಜ್ಯದಲ್ಲಿ ಹೊಸಬರ ಚಿತ್ರಕ್ಕೆ ನೆರವು ಕೊಡುವ ಸರ್ಕಾರಿ ಕಚೇರಿ ಇದೊಂದೇ. ಇಲ್ಲಿ ನನ್ನ ಚಿತ್ರ ಒಂದೇ ಒಂದು ಮತದಿಂದ ಬಿದ್ದುಹೋಗಿತ್ತು.

ಚಿತ್ರ ನನ್ನ ಚಿಕ್ಕಮ್ಮನ ಬಗ್ಗೆ. ಸಿಟಿ ಬಸ್ ಓಡಿಸುವ ಅವಳು ಈ ತಿಂಗಳ ಕೊನೆಗೆ ರಿಟೈರ್ ಆಗುತ್ತಾಳೆ. ಮುಂದಿನ ಆಯ್ಕೆಯವರೆಗೆ ಕಾದರೆ ಡ್ರೈವರ್ ಸೀಟಿನಲ್ಲಿ ಬೇರೆ ಯಾರೋ ಇರುತ್ತಾರೆ.

ಅವನು ಸೌಂಡ್ ಎಂಜಿನಿಯರ್, ಆಯ್ಕೆ ಸಮಿತಿಯ ಸದಸ್ಯ. ಹಿಂದೆ ನನ್ನ ಜೊತೆ ಕೆಲಸ ಮಾಡಿದ್ದ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದ, ತೆರೆದಾಗ ಮೊದಲು ನನ್ನನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದರೆ ಸುಮ್ಮನೆ ಮೈಕಿನ ವೈರ್ ಸುತ್ತುತ್ತ ಕೂರುತ್ತಿದ್ದ. ಅದಕ್ಕಿಂತ ಮುಂದೆ ಒಂದು ಮಾತಿಲ್ಲ. ಈಗ ನನ್ನ ಚಿತ್ರದ ಸರದಿ ಬಂದಾಗ ಈ ಮಹಾಶಯ ಎದ್ದು ಹೋದನಂತೆ! ಸಮಿತಿಯ ಒಬ್ಬ ಮೇಡಂ ನಗುತ್ತ ಹೇಳಿದರು. ನಗುವಂಥದ್ದೇನಿತ್ತೋ.

ಬಂದ.

“ಯಾಕ್ರೀ ಎದ್ದು ಹೋದ್ರಿ?”

“ರೂಲ್ಸ್ ಹಾಗಿದೆ ಡೈರೆಕ್ಟ್ರೇ. ಅರ್ಜಿ ಹಾಕಿದವರು ತೀರಾ ಬೇಕಾದವರಾದ್ರೆ ನಾವು ಹೊರಗಿರ್ಬೇಕು.”

“ಜೊತೆಗೆ ಕೆಲ್ಸ ಮಾಡಿದ್ರೆ ಆ ರೂಲ್ಸ್ ಬರಲ್ಲ, ನಾನೂ ಓದಿದೀನಿ. ಏನಂತ ಹೇಳಿ ಹೋದ್ರಿ?”

ಅವನ ಕಿವಿ ಕೆಂಪಾಯಿತು.

“ಅವರನ್ನ ಪ್ರೀತಿಸ್ತೀನಿ, ನನ್ನ ಮತ ನ್ಯಾಯವಾಗಿರಲ್ಲ ಅಂದೆ.”

ನನ್ನ ಸಿಟ್ಟು ಇಮ್ಮಡಿಯಾಯಿತು.

“ಅಧ್ಯಕ್ಷರಿಗೆ ಗೊತ್ತು, ಟೀ ತಂದವರಿಗೆ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ! ನನ್ನ ಮುಂದೆ ಬಾಯಿಗೆ ಬೀಗ ಬಿದ್ದಿತ್ತಾ ನಿನಗೆ?”

“ಅಲ್ಲಿ ಸುಳ್ಳು ಹೇಳೋ ಹಾಗಿರ್ಲಿಲ್ಲ. ನಿಮ್ಮ ಮುಂದೆ ಧೈರ್ಯ ಸಾಲ್ಲಿಲ್ಲ.” ತಲೆ ತಗ್ಗಿಸಿದ. “ಸಮಿತಿಗೆ ರಾಜೀನಾಮೆ ಕೊಟ್ಬಿಡ್ತೀನಿ.”

“ಕೊಟ್ಟು ಏನು ಕಡಿದು ಕಟ್ಟೆ ಹಾಕ್ತೀಯಾ? ಸುಳ್ಳು ಹೇಳದವನು ಅಲ್ಲಿ ಒಬ್ಬನಾದ್ರೂ ಇರ್ಲಿ. ನಾಳೆ ಬೆಳಗ್ಗೆ ಮೊದಲ ಟ್ರಿಪ್‌ಗೆ ಮೈಕ್ ತಗೊಂಡು ಡಿಪೋಗೆ ಬಾ. ಕ್ಯಾಮೆರಾ ನಾನೇ ಹಿಡೀತೀನಿ. ಮಂಡಳಿ ದುಡ್ಡು ಕೊಡದಿದ್ರೂ ನನ್ನ ಚಿಕ್ಕಮ್ಮನ ಬಸ್ ನಿಲ್ಲಲ್ಲ.”

“ಅಂದ್ರೆ... ನಿಮಗೂ ನಾನು...?”

“ಹೂಂ, ನೀನೇ ಬೇಕು. ಹಾಗಂತ ಸಿಟ್ಟು ಇಳಿದಿದೆ ಅಂದ್ಕೋಬೇಡ.”

ಅವನು ನಕ್ಕ. ನನ್ನ ಕಣ್ಣು ಸುಡುತ್ತಿತ್ತು. ಸೋತದ್ದಕ್ಕೋ ಗೆದ್ದದ್ದಕ್ಕೋ ನನಗೇ ತಿಳಿಯಲಿಲ್ಲ.

“ನಿಮ್ಮ ಮುಂದಿನ ಚಿತ್ರ ಸಮಿತಿಗೆ ಬಂದ್ರೆ?” ಎಂದ, ಮೆಲ್ಲಗೆ.

“ಆಗ್ಲೂ ಎದ್ದು ಹೋಗು. ಇದೇ ಕಾರಣ ಹೇಳು. ಕಾರಣ ಬದಲಾಯ್ತೋ, ನಿನ್ನ ಸುಮ್ನೆ ಬಿಡಲ್ಲ.”